ಜಾಗ ಬದಲಾದರೆ ನಿದ್ದೆ ಹತ್ತುವುದಿಲ್ಲವೇ? ಲಾಡ್ಜ್ ರೂಮಿನಲ್ಲಿ ಮಲಗುವ ಮುಂಚಿನ ತಯಾರಿ

ಆಡಿಟ್ ಕೆಲಸದ ಮೇಲೆ ನಾನು ತಿಂಗಳಿಗೆ ಎಂಟು ಹತ್ತು ರಾತ್ರಿ ಲಾಡ್ಜಿನಲ್ಲಿ ಕಳೆಯುತ್ತೇನೆ. ಈ ವಾರ ವಿಜಯಪುರ, ಮುಂದಿನ ವಾರ ಶಿವಮೊಗ್ಗ, ನಡುವೆ ಒಮ್ಮೆ ಮಂಗಳೂರು. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಹೊಸ ಊರಿಗೆ ಹೋದ ದಿನ ನಿದ್ದೆಯೇ ಇರುತ್ತಿರಲಿಲ್ಲ. ಹಾಸಿಗೆ ಚೆನ್ನಾಗಿರುತ್ತಿತ್ತು, ಮೈ ದಣಿದಿರುತ್ತಿತ್ತು, ಆದರೂ ಕಣ್ಣು ಹತ್ತುತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಅತ್ತೆ, 'ಏನೋ ಚಿಂತೆ ಹಚ್ಕೊಂಡಿದ್ದೀಯಮ್ಮ' ಅನ್ನುತ್ತಿದ್ದರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆ ಇದೆಯಲ್ಲ, ಅದನ್ನೂ ಸೇರಿಸುತ್ತಿದ್ದರು.

ಆ ಗಾದೆ ಅರ್ಧ ಮಾತ್ರ ನಿಜ ಎಂದು ನನಗೆ ಈಗ ಗೊತ್ತು. ಸಂತೆ ನಮ್ಮೂರಿನದಾದರೆ ನಿದ್ದೆ ಬಂದೀತು. ಪರವೂರಿನ ಸಂತೆಯಲ್ಲಿ, ಚಿಂತೆ ಒಂದಿಷ್ಟೂ ಇಲ್ಲದಿದ್ದರೂ, ನಿದ್ದೆ ಬರುವುದು ಕಷ್ಟ. ಅದಕ್ಕೆ ಕಾರಣ ನಮ್ಮ ಮಿದುಳಿನಲ್ಲೇ ಇದೆ.

2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮಸಾಕೊ ತಮಾಕಿ, ಯುಕಾ ಸಸಾಕಿ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಜನರನ್ನು ಹೊಸ ಜಾಗದಲ್ಲಿ ಮಲಗಿಸಿ ಮಿದುಳಿನ ಚಟುವಟಿಕೆ ಅಳೆದರು. ಗಾಢ ನಿದ್ದೆಯಲ್ಲೂ ಮಿದುಳಿನ ಎಡ ಭಾಗ ಬಲ ಭಾಗದಷ್ಟು ಆಳಕ್ಕೆ ಇಳಿದಿರಲಿಲ್ಲ. ವಿಚಿತ್ರ ಸದ್ದು ಕೇಳಿಸಿದರೆ ಆ ಎಡ ಭಾಗವೇ ಬೇಗ ಎಚ್ಚರವಾಗುತ್ತಿತ್ತು. ಅದೇ ಜನ ಅದೇ ಜಾಗದಲ್ಲಿ ಎರಡನೇ ಸಲ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹೊಸ ಜಾಗದಲ್ಲಿ ನಮ್ಮೊಳಗೆ ಒಬ್ಬ ಕಾವಲುಗಾರ ಎದ್ದು ಕೂತಿರುತ್ತಾನೆ. ಸದ್ದಾದರೆ, ಬೆಳಕು ಬಿದ್ದರೆ, ಬಾಗಿಲು ಅಲುಗಾಡಿದರೆ ತಟ್ಟಿ ಎಬ್ಬಿಸುತ್ತಾನೆ.

ಇದು ತಿಳಿದ ಮೇಲೆ ನನ್ನ ರೀತಿ ಬದಲಾಯಿತು. ಹಾಸಿಗೆಯಲ್ಲಿ ಹೊರಳಾಡುತ್ತಾ ನಿದ್ದೆಯ ಜೊತೆ ಗುದ್ದಾಡುವುದನ್ನು ಬಿಟ್ಟೆ. ಮಲಗುವ ಮುಂಚೆಯೇ ಆ ಕಾವಲುಗಾರನಿಗೆ ಕೆಲಸ ಕಡಿಮೆ ಮಾಡುವುದನ್ನು ಕಲಿತೆ. ಕೆಳಗೆ ಬರೆದಿರುವುದೆಲ್ಲ ಅದೇ.

ರೂಮು ಬುಕ್ ಮಾಡುವಾಗ

ಫೋಟೊ ನೋಡಿ ಬುಕ್ ಮಾಡಬೇಡಿ. ಫೋಟೊದಲ್ಲಿ ಸದ್ದು ಕೇಳುವುದಿಲ್ಲ. ಮೊದಲು ಮ್ಯಾಪ್ ತೆರೆದು ಆ ಕಟ್ಟಡದ ಸುತ್ತ ಏನಿದೆ ನೋಡಿ. ಬಸ್ ಸ್ಟ್ಯಾಂಡ್ ಎದುರಿಗಿದ್ದರೆ ಬೆಳಗಿನ ಜಾವ ನಾಲ್ಕಕ್ಕೇ ಬಸ್ಸುಗಳ ಹಾರ್ನ್ ಶುರುವಾಗುತ್ತದೆ. ಪಕ್ಕದಲ್ಲಿ ರೈಲು ಹಳಿ ಇದ್ದರೆ ರಾತ್ರಿಯಿಡೀ ಗಾಡಿ ಓಡುತ್ತವೆ. ಕಲ್ಯಾಣ ಮಂಟಪ ಇದ್ದರೆ, ಅದೂ ಮದುವೆ ಸೀಸನ್ನಿನಲ್ಲಿ, ಹಿಂದಿನ ದಿನದ ಆರತಕ್ಷತೆಯ ಆರ್ಕೆಸ್ಟ್ರಾ ಒಂದು ಕಡೆ, ಬೆಳಗಿನ ಮುಹೂರ್ತದ ವಾದ್ಯ ಇನ್ನೊಂದು ಕಡೆ.

ಆಮೇಲೆ ಲಾಡ್ಜಿಗೆ ನೇರವಾಗಿ ಫೋನ್ ಮಾಡಿ. ಆ್ಯಪ್‌ನಲ್ಲಿ ಬುಕ್ ಮಾಡುವವರೂ ಈ ಒಂದು ಫೋನ್ ಮಾಡಿದರೆ ಒಳ್ಳೆಯದು. ನಾನು ಕೇಳುವುದು ಇಷ್ಟೇ. ಕೆಳಗೆ ಬಾರ್ ಇದೆಯಾ? ಜನರೇಟರ್ ಯಾವ ಕಡೆ ಇಟ್ಟಿದ್ದೀರಿ? ನಾನು ಉಳಿಯುವ ದಿನ ಹಾಲ್‌ನಲ್ಲಿ ಏನಾದರೂ ಫಂಕ್ಷನ್ ಇದೆಯಾ? ಇದಕ್ಕೆ ಜನ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ. ಕೇಳುವವರು ಕಡಿಮೆ, ಅಷ್ಟೇ.

ರೂಮಿನ ಆಯ್ಕೆ ಹೀಗಿರಲಿ: ರಸ್ತೆಗೆ ಬೆನ್ನು ಮಾಡಿರುವ ಹಿಂಬದಿ ರೂಮು, ನಡುವಿನ ಮಹಡಿ, ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ಆಚೆ. ಹಿಂಬದಿಯಲ್ಲಿ ಅಡುಗೆಮನೆಯ ಹೊಗೆ ಫ್ಯಾನ್ ಇದೆಯೇ ಅಂತಲೂ ಕೇಳಿಕೊಳ್ಳಿ. ಅದರ ಮೊರೆತ ಹನ್ನೊಂದರವರೆಗೂ ನಿಲ್ಲುವುದಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇನಲ್ಲಿ ಹೋಗುವವರು ಕೊನೆಯ ಮಹಡಿ ಒಪ್ಪಿಕೊಳ್ಳಲೇಬೇಡಿ. ಹಗಲೆಲ್ಲ ಕಾದ ತಾರಸಿ ಮಧ್ಯರಾತ್ರಿವರೆಗೂ ಬಿಸಿಯನ್ನು ಕೆಳಗೆ ಬಿಡುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿ ಗಾಳಿಯೇ ಮೈಮೇಲೆ ಬೀಳುತ್ತದೆ.

ಒಂದೇ ಊರಿಗೆ ಪದೇ ಪದೇ ಹೋಗುವವರಿಗೆ ನನ್ನ ದೊಡ್ಡ ಸಲಹೆ ಒಂದಿದೆ. ಲಾಡ್ಜ್ ಬದಲಾಯಿಸಬೇಡಿ. ಸಾಧ್ಯವಾದರೆ ರೂಮನ್ನೂ ಬದಲಾಯಿಸಬೇಡಿ. ಇನ್ನೂರು ರೂಪಾಯಿ ಉಳಿಯುತ್ತದೆ ಅಂತ ಬೇರೆ ಕಡೆ ಹೋದರೆ ಕಾವಲುಗಾರ ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಹುಬ್ಬಳ್ಳಿಯಲ್ಲಿ ನಾನು ಆರು ವರ್ಷದಿಂದ ಒಂದೇ ಕಡೆ ಉಳಿಯುತ್ತಿದ್ದೇನೆ. ಫೋನ್ ಎತ್ತಿದ ಕೂಡಲೇ ಕೌಂಟರಿನವರು, 'ಮೇಡಂ, ನಿಮ್ಮ 207 ಖಾಲಿ ಐತ್ರಿ' ಅನ್ನುತ್ತಾರೆ. ಆ ಮಾತು ಕೇಳಿದಾಗಲೇ ಅರ್ಧ ನಿದ್ದೆ ಬಂದ ಹಾಗೆ.

ಬ್ಯಾಗಿನಲ್ಲಿ ಏನಿರಬೇಕು

ಮನೆಯ ದಿಂಬಿನ ಕವರು ಒಂದು. ಒಗೆದು ಇಸ್ತ್ರಿ ಮಾಡಿದ್ದು ಬೇಡ, ನಿನ್ನೆ ಮೊನ್ನೆ ನೀವು ಮಲಗಿದ್ದೇ ಇರಲಿ. ಲಾಡ್ಜಿನ ದಿಂಬಿಗೆ ಅದನ್ನು ಹಾಕಿಬಿಟ್ಟರೆ ಮೂಗಿಗೆ ಮನೆಯ ವಾಸನೆ ಬರುತ್ತದೆ. ಲಾಂಡ್ರಿ ಪೌಡರಿನ ಆ ಗಾಢ ವಾಸನೆ ಹಿಂದೆ ಸರಿಯುತ್ತದೆ. ಜೊತೆಗೆ ನಿಮ್ಮದೇ ಒಂದು ತೆಳು ಹೊದಿಕೆ. ನನ್ನದು ಅಮ್ಮನ ಹಳೆ ಕಾಟನ್ ಸೀರೆ, ಎರಡು ಮಡಿಕೆ ಮಾಡಿ ಹೊಲಿದದ್ದು. ಮಡಚಿದರೆ ಒಂದು ಪುಸ್ತಕದಷ್ಟು ಜಾಗ ಹಿಡಿಯುತ್ತದೆ.

ಬಟ್ಟೆ ಒಣಗಿಸುವ ಕ್ಲಿಪ್ಪು ನಾಲ್ಕು, ಕಪ್ಪು ಇನ್ಸುಲೇಷನ್ ಟೇಪಿನ ಚಿಕ್ಕ ಸುರುಳಿ, ಸಣ್ಣ ಟಾರ್ಚು, ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ನು, ಕಿವಿಗೆ ಇಟ್ಟುಕೊಳ್ಳುವ ಫೋಮ್ ಇಯರ್‌ಪ್ಲಗ್ಗು. ಮುಚ್ಚಿದ ರೂಮಿನಲ್ಲಿ ಸೊಳ್ಳೆಬತ್ತಿ ಹಚ್ಚುವುದು ಬೇಡ, ಆ ಹೊಗೆಯೆಲ್ಲ ನಿಮ್ಮ ಎದೆಗೇ ಹೋಗುತ್ತದೆ.

ಇಯರ್‌ಪ್ಲಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 'ಅದನ್ನೂ ಹಾಕಿ ನೋಡಿದೆ, ಏನೂ ಆಗಲಿಲ್ಲ' ಅನ್ನುವವರು ಬಹಳ ಜನ. ಹಾಕುವ ರೀತಿ ತಪ್ಪಿರುತ್ತದೆ. ಕೈ ತೊಳೆದುಕೊಳ್ಳಿ. ಪ್ಲಗ್ಗನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೂಬತ್ತಿ ಹೊಸೆಯುವ ಹಾಗೆ ಹೊಸೆಯಿರಿ, ತೆಳ್ಳಗೆ ಕಡ್ಡಿಯಂತೆ ಆಗಬೇಕು. ಬಲ ಕಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲ ಕಿವಿಯ ಮೇಲಂಚನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ಗನ್ನು ಒಳಗೆ ಬಿಟ್ಟು, ಬೆರಳಿನಿಂದ ಅರ್ಧ ನಿಮಿಷ ಹಾಗೇ ಒತ್ತಿ ಹಿಡಿಯಿರಿ. ಅದು ಒಳಗೇ ಉಬ್ಬುತ್ತದೆ, ಹೊರಗಿನ ಸದ್ದು ಮೆಲ್ಲಗೆ ದೂರ ಹೋದಂತೆ ಕೇಳುತ್ತದೆ. ಪೊಟ್ಟಣದ ಮೇಲೆ 30 ಡೆಸಿಬಲ್ ಎಂದು ಬರೆದಿದ್ದರೂ ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡರೆ ಅರ್ಧದಷ್ಟೂ ಪ್ರಯೋಜನ ಸಿಗುವುದಿಲ್ಲ. ಕಿವಿ ನೋವು, ಸೋರುವಿಕೆ ಇದ್ದವರು ಇದನ್ನು ಬಳಸಬಾರದು.

ಕೌಂಟರಿನಲ್ಲಿ

ರಿಜಿಸ್ಟರ್ ಬರೆಯುವ ಮುಂಚೆ ರೂಮು ನೋಡಿಬಿಡಿ. ನಮ್ಮ ಲಾಡ್ಜ್‌ಗಳಲ್ಲಿ ಇದು ಸಾಮಾನ್ಯ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಚೆಕ್ ಔಟ್ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ ಕೇಳಿಕೊಳ್ಳಿ. ಬಿಸಿನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತಲೂ ಕೇಳಿ. ಬೆಳಗ್ಗೆ ಆರಕ್ಕೆ ಟೀ ಬೇಕಾ ಅಂತ ಹುಡುಗ ಬಂದು ಬಾಗಿಲು ತಟ್ಟುವ ಪದ್ಧತಿ ಹಲವು ಕಡೆ ಇದೆ. ಬೇಡವಾದರೆ ಅಲ್ಲೇ ಹೇಳಿಬಿಡಿ. ಒಬ್ಬಳೇ ಇರುವ ಹೆಣ್ಣುಮಕ್ಕಳು ರೂಮ್ ನಂಬರನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಬೇಡಿ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ರೂಮಿನೊಳಗಿನ ಮೊದಲ ಹತ್ತು ನಿಮಿಷ

ಈ ಹತ್ತು ನಿಮಿಷವೇ ರಾತ್ರಿಯನ್ನು ಉಳಿಸುತ್ತದೆ, ಆದ್ದರಿಂದ ಅವಸರ ಬೇಡ.

ಬ್ಯಾಗನ್ನು ಹಾಸಿಗೆ ಮೇಲೆ ಎಸೆಯಬೇಡಿ. ಮೇಜಿನ ಮೇಲೆ ಅಥವಾ ಬಾತ್‌ರೂಮಿನ ಒಣಗಿದ ಟೈಲ್ ಮೇಲೆ ಇಡಿ. ಮೊದಲು ತಿಗಣೆ ನೋಡಬೇಕು. ಹಾಸಿಗೆಯ ನಾಲ್ಕು ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ, ಹೊಲಿಗೆ ಅಂಚಿಗೆ ಟಾರ್ಚ್ ಬಿಡಿ. ಮಂಚದ ತಲೆ ಕಡೆಯ ಹಲಗೆಯ ಸಂದಿಗೂ ಬಿಡಿ. ಪೆನ್ನಿನ ಮಸಿ ತಾಗಿದಂಥ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಅಲ್ಲಿ ತಿಗಣೆ ಇದೆ ಅಂತಲೇ ಲೆಕ್ಕ. ಬೆಳೆದ ತಿಗಣೆ ಹುರುಳಿಕಾಳಿನಷ್ಟು ಇರುತ್ತದೆ, ಬಣ್ಣವೂ ಹೆಚ್ಚು ಕಡಿಮೆ ಅದೇ. ಒಮ್ಮೆ ಒಂದು ಊರಿನಲ್ಲಿ ನಾನು ಈ ಪರೀಕ್ಷೆ ಮಾಡದೆ ಮಲಗಿಬಿಟ್ಟೆ. ಬೆಳಗ್ಗೆ ತೋಳಿನ ಮೇಲೆ ಗೆರೆ ಎಳೆದ ಹಾಗೆ ದದ್ದು. ಅದಕ್ಕಿಂತ ಕಷ್ಟವಾದದ್ದು ಮನೆಗೆ ಬಂದ ಮೇಲೆ. ಬ್ಯಾಗಿನ ಹೊಲಿಗೆಯಲ್ಲಿ ಅವು ನನ್ನ ಜೊತೆಗೇ ಬಂದಿದ್ದವು. ಬಟ್ಟೆಯೆಲ್ಲ ಕುದಿಬಿಸಿ ನೀರಲ್ಲಿ ನೆನೆಸಿ, ಮಂಚ ಬಿಚ್ಚಿ ಬಿಸಿಲಿಗಿಟ್ಟು, ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಒದ್ದಾಡಿದೆವು. ಚುಕ್ಕೆ ಕಂಡರೆ ರೂಮು ಬದಲಿಸಿ ಅನ್ನಿ. ಪಕ್ಕದ ರೂಮೂ ಬೇಡ, ಬೇರೆ ಮಹಡಿಯದೇ ಕೇಳಿ.

ಎರಡನೆಯದು ಬಾಗಿಲು. ಒಳಗಿನ ಚಿಲಕ ಪೂರ್ತಿ ಕೂರುತ್ತದೆಯೇ ಎಂದು ಹಾಕಿ, ಎಳೆದು ನೋಡಿ. ಕಿಟಕಿ, ಬಾಲ್ಕನಿ ಬಾಗಿಲಿಗೂ ಹಾಗೇ. ಹಾಸಿಗೆಯಲ್ಲಿ ಮಲಗಿದ ಮೇಲೆ 'ಚಿಲಕ ಹಾಕಿದ್ನಾ' ಅನ್ನುವ ಸಂಶಯ ಬಂದರೆ ಮುಗಿಯಿತು, ಎದ್ದು ನೋಡುವ ತನಕ ಕಣ್ಣು ಮುಚ್ಚುವುದಿಲ್ಲ. ನಾನು ಕುರ್ಚಿಯನ್ನು ಬಾಗಿಲಿಗೆ ಒತ್ತಿ ಇಟ್ಟು ಮಲಗುತ್ತೇನೆ. ಬೆಂಕಿ ಏನಾದರೂ ಆದರೆ ಓಡಲು ಮೆಟ್ಟಿಲು ಯಾವ ಕಡೆ ಎಂದು ಒಮ್ಮೆ ನಡೆದು ನೋಡಿ ಬಂದಿರುತ್ತೇನೆ. ಇದನ್ನು ಯಾರಾದರೂ ಹೆದರಿಕೆ ಅನ್ನಬಹುದು. ನನಗೆ ನಿದ್ದೆ ಬರುವುದು ಇದರಿಂದಲೇ.

ಮೂರನೆಯದು ನಾನೇ ಕಂಡುಕೊಂಡದ್ದು. ಟಿವಿ ಆರಿಸಿ, ಎರಡು ನಿಮಿಷ ಹಾಸಿಗೆ ತುದಿಯಲ್ಲಿ ಸುಮ್ಮನೆ ಕೂತು ರೂಮಿನ ಸದ್ದುಗಳನ್ನು ಕೇಳಿ. ಒಂದೊಂದಕ್ಕೂ ಹೆಸರಿಡಿ. ಗುರ್ರ್ ಅನ್ನುವುದು ಚಿಕ್ಕ ಫ್ರಿಜ್ಜು. ಟಕ್ ಅನ್ನುವುದು ಗೀಸರಿನ ಸ್ವಿಚ್ಚು. ಸುಯ್ ಅನ್ನುವುದು ಕಮೋಡ್ ಟ್ಯಾಂಕಿನಲ್ಲಿ ಸೋರುತ್ತಿರುವ ನೀರು. ದೂರದ ಗಡಗಡ ಲಿಫ್ಟಿನದು. ಹೆಸರು ಸಿಕ್ಕ ಸದ್ದು ರಾತ್ರಿ ಮತ್ತೆ ಬಂದಾಗ ಎದೆ ಧಸಕ್ ಅನ್ನುವುದಿಲ್ಲ. ನಿಲ್ಲಿಸಬಹುದಾದದ್ದನ್ನು ಆಗಲೇ ನಿಲ್ಲಿಸಿ. ಫ್ರಿಜ್ಜಿನ ಪ್ಲಗ್ ಕೀಳಿ. ಕಮೋಡ್ ಟ್ಯಾಂಕಿನ ಪಕ್ಕ ಗೋಡೆಯಲ್ಲಿರುವ ಸಣ್ಣ ನಲ್ಲಿಯನ್ನು ತಿರುಗಿಸಿದರೆ ಸೋರುವ ಸದ್ದು ನಿಲ್ಲುತ್ತದೆ, ಬೇಕಾದಾಗ ಮತ್ತೆ ತೆರೆದರಾಯಿತು.

ಆಮೇಲೆ ಬೆಳಕು. ಪರದೆಯ ನಡುವಿನ ಸೀಳಿನಿಂದ ಬೀದಿದೀಪ ನೇರ ಮುಖಕ್ಕೆ ಬೀಳುತ್ತದೆ. ಕ್ಲಿಪ್ ತಂದಿರುವುದು ಅದಕ್ಕೇ. ಟಿವಿ, ಎಸಿಯ ಕೆಂಪು ಹಸಿರು ಚುಕ್ಕೆ ದೀಪಗಳಿಗೆ ಕಪ್ಪು ಟೇಪಿನ ತುಂಡು. ಬಾಗಿಲ ಕೆಳಗಿಂದ ಕಾರಿಡಾರ್ ಬೆಳಕು ಬಂದರೆ ಲಾಡ್ಜಿನ ಟವೆಲ್ಲನ್ನೇ ಸುತ್ತಿ ಅಡ್ಡ ಇಡಿ. ಅದರಿಂದ ಹೊರಗಿನ ಮಾತಿನ ಸದ್ದೂ ಕಮ್ಮಿಯಾಗುತ್ತದೆ.

ಸಂಜೆಯ ಊಟ, ಸ್ನಾನ

ಪರವೂರಿಗೆ ಹೋದಾಗ ನಾಲಿಗೆ ಬೇರೆಯದನ್ನೇ ಕೇಳುತ್ತದೆ. ಧಾರವಾಡದಲ್ಲಿ ಗಿರ್ಮಿಟ್ಟು, ಮಂಗಳೂರಿನಲ್ಲಿ ಮೀನು, ಎಲ್ಲವೂ ತಿನ್ನಿ. ಆದರೆ ಎಂಟೂವರೆಯೊಳಗೆ ಮುಗಿಸಿ. ಹತ್ತು ಗಂಟೆಗೆ ಖಾರದ ಬಿರಿಯಾನಿ ತಿಂದು ಹತ್ತೂವರೆಗೆ ಮಲಗಿದರೆ ಹೊಟ್ಟೆ ಕೆಲಸ ಮಾಡುತ್ತಲೇ ಇರುತ್ತದೆ. ತಡವಾಗಿ ತಲುಪಿದ ದಿನ ನಾನು ಮೊಸರನ್ನ ಮಾತ್ರ ತಿನ್ನುತ್ತೇನೆ.

ಕಾಫಿ ಮಧ್ಯಾಹ್ನ ಮೂರಕ್ಕೆ ಕೊನೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲಿಕ್ಕೇ ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಆರರ ಫಿಲ್ಟರ್ ಕಾಫಿಯ ಅರ್ಧ ಪಾಲು ಹನ್ನೊಂದಕ್ಕೂ ಒಳಗೇ ಇರುತ್ತದೆ, ಅಲ್ವಾ? ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಅನ್ನುವವರಿಗೂ ಒಂದು ಮಾತು: ಕಣ್ಣು ಬೇಗ ಮುಚ್ಚುವುದು ನಿಜ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ತುಂಡು ತುಂಡಾಗುತ್ತದೆ.

ಸ್ನಾನ ಮಾತ್ರ ಬಿಡಬೇಡಿ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ, ಹಿತವಾದ ಬಿಸಿನೀರಿನಲ್ಲಿ. ಬಿಸಿನೀರು ಕೈಕಾಲಿನ ಚರ್ಮಕ್ಕೆ ರಕ್ತ ಹರಿಸುತ್ತದೆ, ಅಲ್ಲಿಂದ ಒಳಗಿನ ಶಾಖ ಹೊರಗೆ ಹೋಗುತ್ತದೆ. ಮೈ ಹೀಗೆ ಒಳಗಿನಿಂದ ತಣ್ಣಗಾದಾಗಲೇ ನಿದ್ದೆ ಹತ್ತುವುದು. ಬಿಸಿನೀರು ಬೆಳಗ್ಗೆ ಮಾತ್ರ ಬಿಡುವ ಲಾಡ್ಜಾದರೆ ಒಂದು ಬಕೆಟ್ ತರಿಸಿಕೊಂಡು ಹದಿನೈದು ನಿಮಿಷ ಕಾಲು ನೆನೆಸಿ ಕೂತರೂ ಆದೀತು.

ಎಸಿ, ಫ್ಯಾನ್ ಮತ್ತು ಮಲಗುವ ಹೊತ್ತು

ದುಡ್ಡು ಕೊಟ್ಟಿದ್ದೇವೆ ಅಂತ ಎಸಿಯನ್ನು 18ಕ್ಕೆ ಇಡುವುದು, ಬೆಳಗಿನ ಜಾವ ಗಡಗಡ ನಡುಗಿ ಏಳುವುದು ಬಹಳ ಜನರ ಕತೆ. 2020ರ ಜನವರಿಯಿಂದ ನಮ್ಮ ದೇಶದ ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಇದೆ. ಆ 24ರ ಜೊತೆಗೆ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿದರೆ ನಮ್ಮಂಥವರಿಗೆ ಸಾಕು. ರಿಮೋಟಿನಲ್ಲಿ ಸ್ಲೀಪ್ ಅನ್ನುವ ಬಟನ್ ಇದ್ದರೆ ಒತ್ತಿ. ಬೆಳಗಿನ ಕಡೆ ಅದೇ ಒಂದೆರಡು ಡಿಗ್ರಿ ಏರಿಸಿಕೊಳ್ಳುತ್ತದೆ.

ನಮ್ಮಲ್ಲಿ ಹೆಚ್ಚಿನವರು ಹುಟ್ಟಿದಾಗಿನಿಂದ ಫ್ಯಾನಿನ ಸದ್ದಿನಲ್ಲೇ ಮಲಗಿದವರು. ದೊಡ್ಡ ಹೋಟೆಲಿನ ಫ್ಯಾನಿಲ್ಲದ ರೂಮಿನಲ್ಲಿ ಮೌನವೇ ಕಿವಿಗೆ ಚುಚ್ಚುತ್ತದೆ. ಹೊರಗಿನ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ನಿಮ್ಮ ಮನೆಯ ಫ್ಯಾನಿನ ಸದ್ದನ್ನು ಮೊಬೈಲಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೊಬೈಲನ್ನು ಮಂಚದಿಂದ ದೂರ, ಮೇಜಿನ ಮೇಲೆ ಮಗುಚಿಟ್ಟು ಅದನ್ನು ಸಣ್ಣಗೆ ಹಾಕಿ. ನನ್ನ ತಂಗಿಗೆ ಇದೊಂದೇ ಸಾಕಾಯಿತು.

ಮನೆಯಲ್ಲಿ ಮಲಗುವ ಮುಂಚೆ ಏನು ಮಾಡುತ್ತೀರೋ ಅದನ್ನೇ ಅದೇ ಸಾಲಿನಲ್ಲಿ ಮಾಡಿ. ಹಲ್ಲುಜ್ಜುವುದು, ಕಾಲು ತೊಳೆಯುವುದು, ದೇವರಿಗೆ ಕೈ ಮುಗಿಯುವುದು. ಮಂಚದಲ್ಲಿ ನಿಮ್ಮ ಮಗ್ಗುಲು ಯಾವುದೋ ಅದೇ ಮಗ್ಗುಲಿಗೆ ಮಲಗಿ.

ಎರಡು ಗಂಟೆಗೆ ಎಚ್ಚರವಾದರೆ

ಗಡಿಯಾರ ನೋಡಬೇಡಿ. ನೋಡಿದ ಕೂಡಲೇ 'ಇನ್ನು ನಾಲ್ಕೇ ಗಂಟೆ ಇದೆ' ಅನ್ನುವ ಲೆಕ್ಕ ಶುರುವಾಗುತ್ತದೆ. ಸುಮಾರು ಇಪ್ಪತ್ತು ನಿಮಿಷ ಕಳೆದಂತೆ ಅನಿಸಿದರೂ ನಿದ್ದೆ ಬಾರದಿದ್ದರೆ ಎದ್ದುಬಿಡಿ. ಬಾತ್‌ರೂಮ್ ದೀಪ ಹಾಕಿ, ಬಾಗಿಲು ಸ್ವಲ್ಪ ತೆರೆದು, ಆ ಮಂದ ಬೆಳಕಿನಲ್ಲಿ ಕುರ್ಚಿಯಲ್ಲಿ ಕೂರಿ. ಹಳೆ ಪೇಪರ್ ಇದ್ದರೆ ಓದಿ, ಇಲ್ಲದಿದ್ದರೆ ನಾಳೆಯ ಬಟ್ಟೆ ಮಡಚಿಡಿ. ಆಕಳಿಕೆ ಬಂದಾಗ ಹಾಸಿಗೆಗೆ ಹೋಗಿ. ಮೊಬೈಲ್ ಮುಟ್ಟಬೇಡಿ. ಹೊಸ ಜಾಗದಲ್ಲಿ ಒಂದು ರಾತ್ರಿ ನಿದ್ದೆ ಕಮ್ಮಿಯಾದರೆ ಮರುದಿನ ಮೈ ತಾನೇ ಅದನ್ನು ಸರಿದೂಗಿಸಿಕೊಳ್ಳುತ್ತದೆ.

ಎಚ್ಚರವಾದದ್ದು ಪಕ್ಕದ ರೂಮಿನ ಗಲಾಟೆಯಿಂದಾದರೆ ಹಲ್ಲು ಕಚ್ಚಿ ಮಲಗಿರಬೇಡಿ, ನೀವೇ ಹೋಗಿ ಅವರ ಬಾಗಿಲನ್ನೂ ತಟ್ಟಬೇಡಿ. ಕೌಂಟರಿಗೆ ಫೋನ್ ಮಾಡಿ. ಹೊರಗೆ ಧ್ವನಿವರ್ಧಕ ಕೂಗುತ್ತಿದ್ದರೆ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅದಕ್ಕೆ ನಿರ್ಬಂಧ ಇದೆ. 112ಕ್ಕೆ ಹೇಳಬಹುದು.

ವಿದೇಶಕ್ಕೆ ಹೋದಾಗ

ಅಲ್ಲಿ ಜಾಗದ ಜೊತೆಗೆ ಗಡಿಯಾರವೂ ಬದಲಾಗುತ್ತದೆ. ದುಬೈಗೆ ಹೋದರೆ ವ್ಯತ್ಯಾಸ ಒಂದೂವರೆ ಗಂಟೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಗಳ ಬಾಣಂತನಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಅಂದರೆ ಹಗಲು ರಾತ್ರಿ ಅದಲು ಬದಲು. ಮೈ ಹೊಂದಿಕೊಳ್ಳಲು ವಾರಕ್ಕೂ ಜಾಸ್ತಿ ಬೇಕಾಗಬಹುದು. ಅಲ್ಲಿ ಹಗಲಾದರೆ ಹೊರಗೆ ಬಿಸಿಲಿನಲ್ಲಿ ಓಡಾಡಿ, ರಾತ್ರಿಯಾದರೆ ಕತ್ತಲೆ ಮಾಡಿ. ಮಧ್ಯಾಹ್ನ ಕಣ್ಣು ಎಳೆದರೆ ಅರ್ಧ ಗಂಟೆ ಮಲಗಿ, ಅಲಾರಂ ಇಟ್ಟುಕೊಂಡೇ ಮಲಗಿ. ನಿದ್ದೆಯ ಹೊತ್ತಾಯಿತು ಎಂದು ಮೈಗೆ ತಿಳಿಸುವ ಹಾರ್ಮೋನಿನ, ಅಂದರೆ ಮೆಲಟೋನಿನ್ನಿನ, ಮಾತ್ರೆ ಬೇಕೆನಿಸಿದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ, ಅದರಲ್ಲೂ ಬಿಪಿ, ಶುಗರ್ ಮಾತ್ರೆ ನುಂಗುವವರು.

ಡಾಕ್ಟರ್ ಹತ್ತಿರ ಯಾವಾಗ

ಮನೆಯಲ್ಲೂ ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳಿನಿಂದ ಹೀಗೇ ಆಗುತ್ತಿದ್ದರೆ ಅದು ಲಾಡ್ಜಿನ ಸಮಸ್ಯೆ ಅಲ್ಲ, ತೋರಿಸಲೇಬೇಕು. ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಎದ್ದು ಕೂರುವುದು ಇದ್ದರೂ ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ನುಂಗುವುದು ಖಂಡಿತ ಬೇಡ. ಇನ್ನೊಂದು ಮಾತು, ಇದನ್ನು ಕೈ ಮುಗಿದು ಹೇಳುತ್ತೇನೆ. ನಿದ್ದೆಗೆಟ್ಟ ರಾತ್ರಿಯ ಮರುದಿನ ನೀವೇ ಕಾರು ಓಡಿಸಿಕೊಂಡು ಊರಿಗೆ ಹೊರಡಬೇಡಿ. ಎರಡು ಗಂಟೆ ಮಲಗಿ ಹೊರಡಿ, ಇಲ್ಲವೇ ಬಸ್ಸು ಹಿಡಿಯಿರಿ. ನಿಮ್ಮ ಡ್ರೈವರನ್ನೂ ಕಾರಿನ ಸೀಟಿನಲ್ಲಿ ಮಲಗಿಸಬೇಡಿ, ಅವರಿಗೂ ಒಂದು ಹಾಸಿಗೆ ಕೊಡಿಸಿ.

ರೂಮು ಬಿಡುವಾಗ

ಬ್ಯಾಗ್ ತುಂಬಿದ ಮೇಲೆ ಎರಡು ಸಾಲು ಬರೆದಿಡಿ. ನನ್ನ ಹತ್ತಿರ ಅಂಗೈಯಷ್ಟು ದೊಡ್ಡ ಒಂದು ಪುಸ್ತಕ ಇದೆ. ಊರಿಗೊಂದು ಪುಟ. ಹುಬ್ಬಳ್ಳಿಯ ಪುಟದಲ್ಲಿ ಹೀಗಿದೆ: '207. ಹಿಂಬದಿ. ಬೆಳಗ್ಗೆ 5ಕ್ಕೆ ನೀರಿನ ಪಂಪು, ಹತ್ತು ನಿಮಿಷ. ಫ್ಯಾನ್ 3ರಲ್ಲಿ ಇಡಬೇಕು. ಎಡಗಡೆ ಪರದೆಗೆ ಎರಡು ಕ್ಲಿಪ್. ಎರಡನೇ ದಿಂಬು ಕೇಳಿದರೆ ಕೊಡುತ್ತಾರೆ.'